ಪುಟ್ಟಕ್ಕನ ಕಿವಿಗೆ ತಕ್ಕ ಸ್ಪೀಕರ್

ದಾವಣಗೆರೆಯ ಹತ್ತಿ ಗಿರಣಿಯಲ್ಲಿ ವೈರಿಂಗ್ ಕೆಲಸ ಮಾಡುತ್ತಿದ್ದ ಪಾಲಯ್ಯನಿಗೆ ರೇಡಿಯೋದ ಹುಚ್ಚು. ಕೆಲಸದಿಂದ ಬಂದು ಕೈಕಾಲು ತೊಳೆದವನೇ ಅದರ ಮುಂದೆ ಕೂತನೆಂದರೆ, ಹೆಂಡತಿ ನೀಲಕ್ಕ ತಟ್ಟೆ ಇಟ್ಟು ಕರೆದರೂ ಏಳುತ್ತಿರಲಿಲ್ಲ. ಹಳೆಯದೊಂದು ರೇಡಿಯೋಕ್ಕೆ ತಾನೇ ಎರಡು ವಾಲ್ವಿನ ಆಂಪ್ಲಿಫೈಯರ್ ಕಟ್ಟಿ ಜೋಡಿಸಿದ್ದ. ಅದರ ತಾಕತ್ತು ಮೂರು ವ್ಯಾಟು, ಅದೂ ಕರೆಂಟು ಮುನಿಸಿಕೊಳ್ಳದ ದಿನ. ಇಷ್ಟೆಲ್ಲ ಒದ್ದಾಟ ಯಾರಿಗಾಗಿ ಅಂದರೆ, ಅಕ್ಕ ಪುಟ್ಟಕ್ಕನಿಗಾಗಿ.

ತಾಯಿ ತೀರಿಕೊಂಡಾಗ ಪಾಲಯ್ಯ ಅಂಬೆಗಾಲಿಡುವ ಕೂಸು. ಪುಟ್ಟಕ್ಕ ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು ಕೊಕ್ಕನೂರಿನಿಂದ ಬಂದು, ಗಿರಣಿಯಲ್ಲಿ ನೂಲು ಸುತ್ತುವ ಕೆಲಸಕ್ಕೆ ನಿಂತಳು. ತಮ್ಮನಿಗೆ ಅನ್ನ ಬಂತು, ಅಕ್ಷರ ಬಂತು, ನೌಕರಿ ಬಂತು, ಹೆಂಡತಿಯೂ ಬಂದಳು. ಪುಟ್ಟಕ್ಕನ ಕಿವಿ ಮಾತ್ರ ಆ ಯಂತ್ರಗಳ ಸದ್ದಿಗೆ ಹೋಯಿತು. ಮೊದಲೆಲ್ಲ ಬೀಸುಕಲ್ಲು ತಿರುಗಿಸುತ್ತ ಅವಳು ಹಾಡಿದರೆ ಓಣಿಯ ಹೆಂಗಸರು ಬಾಗಿಲಿಗೆ ಬಂದು ನಿಲ್ಲುತ್ತಿದ್ದರಂತೆ. ಕಿವಿ ಮಂದವಾದ ಮೇಲೆ, “ನನ್ನ ದನಿ ನನಗೇ ಕೇಳಲ್ಲ ಅಂದ್ರ ಯಾಕ ಹಾಡ್ಲಿ” ಅಂದು ಅದನ್ನೂ ಬಿಟ್ಟಳು. ಅಕ್ಕನ ಋಣ ತೀರುವಂಥದ್ದಲ್ಲ ಎಂದು ಪಾಲಯ್ಯನಿಗೆ ಗೊತ್ತಿತ್ತು. ಒಂದೇ ಒಂದು ಹಾಡಾದರೂ ಅವಳ ಕಿವಿಗೆ ಮುಟ್ಟಲಿ ಎಂಬುದಷ್ಟೇ ಅವನ ಆಸೆ.

ಮೊದಲು ಅಂಗೈಯಗಲದ ಸ್ಪೀಕರ್ ಹಾಕಿದ. ಆಮೇಲೆ ಊಟದ ತಟ್ಟೆಯಷ್ಟು ಅಗಲದ್ದು ತಂದ. ಎರಡಕ್ಕೂ ಪುಟ್ಟಕ್ಕ ಎದುರಿಗೆ ಕೂತು ಕಣ್ಣು ಮುಚ್ಚಿ ತಲೆದೂಗಿದಳು. “ಭಾಳ ಚಂದ ಐತೆ ತಮ್ಮಾ” ಅಂದಳು. ಪಾಲಯ್ಯ ಹಿರಿಹಿರಿ ಹಿಗ್ಗಿದ.

ಒಂದು ಸಂಜೆ, ಇನ್ನೂ ದೀಪ ಹಾಕುವ ಮೊದಲೇ ಕರೆಂಟು ಹೋಯಿತು. ಹಾಡು ಅರ್ಧಕ್ಕೇ ನಿಂತಿತು. ಪುಟ್ಟಕ್ಕನ ತಲೆ ನಿಲ್ಲಲಿಲ್ಲ. ಕಣ್ಣು ಮುಚ್ಚಿಕೊಂಡೇ, “ಈ ಪದ ಅಂತೂ ಕಲ್ಲು ಕರಗಿಸ್ತತಿ ನೋಡು” ಅಂದಳು. ನೀಲಕ್ಕ ಬಾಯಿಗೆ ಸೆರಗು ಹಿಡಿದು ಒಳಗೆ ಓಡಿದಳು. ನಗಲಿಕ್ಕೋ ಅಳಲಿಕ್ಕೋ ಅವಳಿಗೇ ಗೊತ್ತು. ಪಾಲಯ್ಯ ಪೆಚ್ಚಾದ. ತನ್ನ ಮನಸ್ಸು ನೋಯಬಾರದೆಂದು ಅಕ್ಕ ಇಷ್ಟು ದಿನ ಮೌನಕ್ಕೆ ತಲೆದೂಗಿದ್ದಳು. ಕೊಡುವುದನ್ನು ಬಿಡಲು ಈ ಹೆಂಗಸಿಗೆ ಬರುವುದೇ ಇಲ್ಲವಲ್ಲ ಎಂದು ಅವನಿಗೆ ಸಂಕಟವಾಯಿತು.

ಭಾನುವಾರ ಹರಿಹರದ ಬಸ್ಸು ಹತ್ತಿದ. ಅಲ್ಲಿ ಜಮಾಲ್ ಸಾಬ್ ಮದುವೆಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದ. ಪಾಲಯ್ಯನಿಗೆ ಹಳೆಯ ಸ್ನೇಹಿತ.

“ದೊಡ್ಡ ಆಂಪ್ಲಿಫೈಯರ್ ಕಟ್ಬೇಕು ಸಾಬ್ರೆ. ಯಾವ ವಾಲ್ವ್ ಹಾಕ್ಲಿ ಹೇಳ್ರಿ” ಅಂದ, ನಡೆದದ್ದನ್ನೆಲ್ಲ ಹೇಳಿಕೊಂಡು.

“ಎತ್ತು ಬಡಕಲು ಐತೆ ಅಂತ ಹೊಸ ಎತ್ತು ಯಾಕ ತರ್ತೀರಿ? ಮೊದಲು ಗಾಡಿ ಹಗುರ ಮಾಡ್ರಿ” ಎಂದು ಜಮಾಲ್ ಸಾಬ್ ಮೂರು ಸ್ಪೀಕರ್‌ಗಳನ್ನು ಹಲಗೆಯ ಮೇಲೆ ಇಟ್ಟ. ಪಾಲಯ್ಯನದರಷ್ಟೇ ತಾಕತ್ತಿನ ತನ್ನ ಸಣ್ಣ ಆಂಪ್ಲಿಫೈಯರಿಗೆ ಒಂದೊಂದನ್ನೇ ಜೋಡಿಸಿ, ದನಿಯ ತಿರುಪನ್ನು ಮುಟ್ಟದೆ ಪ್ರತಿ ಸಲವೂ ಅದೇ ಗ್ರಾಮಫೋನ್ ತಟ್ಟೆಯನ್ನು ಹಾಕಿದ. ಮೊದಲನೆಯದು ಕಹಳೆಯಂಥದ್ದು. ಭಾರೀ ಗದ್ದಲ. “ಇದು ಬ್ಯಾಡ. ಅಕ್ಕಂಗೆ ಕೇಳೋದಕ್ಕಿಂತ ಮೊದ್ಲು ಓಣಿಯೋರು ಕೇಳಿ ಜಗಳಕ್ಕ ಬರ್ತಾರೆ” ಎಂದು ಸಾಬ್ ಅದನ್ನು ಬದಿಗಿಟ್ಟ. ಎರಡನೆಯದು ಹೊಚ್ಚ ಹೊಸದು, ಗಟ್ಟಿ ಕಾಗದದ್ದು. ಮೂರು ವ್ಯಾಟಿಗೆ ಅದು ಮಿಸುಕಲೇ ಇಲ್ಲ. ಮೂರನೆಯದು ಟೆಂಟ್ ಸಿನಿಮಾದಿಂದ ಬಂದ ಅಗಲವಾದ ಹಳೇ ಸ್ಪೀಕರ್. ಅಂಚು ಹರಿದಲ್ಲಿ ಗಾಳಿಪಟದ ಕಾಗದದ ತೇಪೆ. ಅದರಿಂದ ಹೊರಟ ದನಿ ಅಂಗಡಿ ತುಂಬಿತು.

“ಕಾಗದ ಹಗುರ, ಹಿಂದಿನ ಅಯಸ್ಕಾಂತ ಭಾರ. ಕಮ್ಮಿ ಕರೆಂಟಿಗೆ ಜಾಸ್ತಿ ದನಿ. ಆದ್ರ ಬರಿಮೈಯಾಗೆ ಇಡಬ್ಯಾಡ್ರಿ, ಗಟ್ಟಿ ಪೆಟ್ಟಿಗಿ ಬೇಕು. ನಿಮ್ಮ ಹಳೇವೆರಡು ಕೊಡ್ರಿ, ಬದಲಿಗೆ ಇದನ್ನ ಒಯ್ರಿ.”

ಸಾಬನಿಗೇ ನಷ್ಟವಾಗುವ ಅದಲುಬದಲು ಅದು. ಪಾಲಯ್ಯ ಏನೋ ಹೇಳಲು ಹೋದ. “ಅಕ್ಕ ನನಗೂ ರೊಟ್ಟಿ ಹಾಕ್ಯಾಳೆ, ಸುಮ್ನಿರ್ರಿ” ಎಂದು ಸಾಬ್ ಚಹಾ ತರಿಸಿದ.

ಪೆಟ್ಟಿಗೆ ಎಲ್ಲಿಂದ ತರುವುದೆಂದು ಪಾಲಯ್ಯ ತಲೆ ಕೆರೆದುಕೊಳ್ಳುತ್ತಿದ್ದಾಗ, ನೀಲಕ್ಕ ತಾನೇ ಜೋಳ ತುಂಬಿಡುವ ಮರದ ಪೆಟ್ಟಿಗೆಯನ್ನು ಬರಿದು ಮಾಡಿದಳು. “ಜೋಳ ಚೀಲದಾಗೂ ಇರ್ತತಿ. ಕೊರೀರಿ” ಅಂದಳು. ತವರಿನವರು ಕೊಟ್ಟ ಪೆಟ್ಟಿಗೆಗೆ ತೂತು ಕೊರೆಸುವುದು ಸಣ್ಣ ಮಾತಲ್ಲ. ಒಳಗೆ ದನಿ ಗುಂಯ್‌ಗುಡದಂತೆ ಪಾಲಯ್ಯ ಅರಳೆ ತುಂಬಿದ. ಮೊದಲ ಸಲ ಹಚ್ಚಿದಾಗ ಎಲ್ಲೋ ಜುರ್ರೆಂದಿತು. ಹುಡುಕಿದರೆ ಹಲಗೆಯ ಸಂದಿನಲ್ಲೊಂದು ಜೋಳದ ಕಾಳು. ಅದನ್ನು ಕಿತ್ತು, ಪೆಟ್ಟಿಗೆಯನ್ನು ಗೋಡೆಯ ಮೂಲೆಗೆ ಒತ್ತಿ ಇಟ್ಟ.

ಧಾರವಾಡ ಕೇಂದ್ರದಿಂದ ಒಬ್ಬಾಕೆ ಬೀಸುವ ಪದ ಹಾಡುತ್ತಿದ್ದಳು. ಪುಟ್ಟಕ್ಕ ಬಂದು ಕೂತಳು. ಈ ಸಲ ತಲೆದೂಗಲಿಲ್ಲ. ಹುಬ್ಬು ಗಂಟಿಕ್ಕಿತು, ತುಟಿ ಬಿಗಿಯಿತು. ಇದೂ ಸೋತಿತು ಅಂದುಕೊಂಡ ಪಾಲಯ್ಯ ತಿರುಪಿನಿಂದ ಕೈ ತೆಗೆದ.

“ಪಾಲಯ್ಯ, ಏನೋ ಇದು” ಅಂದಳು ಪುಟ್ಟಕ್ಕ. “ಬೀಸೋ ಪದನ ಹಿಂಗ ಓಡಿಸ್ತಾರೇನು? ಕಲ್ಲು ಇನ್ನಾ ಒಂದು ಸುತ್ತು ಬಂದಿಲ್ಲ, ಈಕಿ ಎರಡು ಸಾಲು ಮುಗಿಸ್ಯಾಳೆ. ಜನ್ಮದಾಗೆ ಕಲ್ಲು ಮುಟ್ಟಿಲ್ಲ ಇವಳು.”

ಇಷ್ಟು ದಿನ ಅಕ್ಕನ ಹೊಗಳಿಕೆ ಕೇಳಿ ಹಿಗ್ಗಿದ ಪಾಲಯ್ಯನಿಗೆ ಈ ಬೈಗುಳದಂಥ ಸಿಹಿ ಬೇರೆ ಇರಲಿಲ್ಲ. ಸಾಬನನ್ನು ನೆನೆದ, ನೀಲಕ್ಕನನ್ನು ನೋಡಿದ, ಎದ್ದು ಹೋಗಿ ಅಕ್ಕನ ಪಾದ ಮುಟ್ಟಿದ.

“ಹೆಂಗ ಹಾಡ್ಬೇಕು ಮತ್ತ?” ಎಂದು ನೀಲಕ್ಕ ಅವಳ ಕಿವಿಯ ಬಳಿ ಕೂಗಿ ಕೇಳಿದಳು.

ಪುಟ್ಟಕ್ಕ ಮುಷ್ಟಿ ಬಿಗಿದು, ಇಲ್ಲದ ಬೀಸುಕಲ್ಲಿನ ಗೂಟ ಹಿಡಿದವಳಂತೆ ಕೈಯನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿ, ಒಡಕು ದನಿಯಲ್ಲಿ ಆ ಸಾಲನ್ನು ಎತ್ತಿಕೊಂಡಳು. ಮದುವೆಯಾಗಿ ಬಂದಾಗಿನಿಂದ ನೀಲಕ್ಕ ಆ ದನಿ ಕೇಳಿರಲಿಲ್ಲ. ಪಾಲಯ್ಯ ಕೈ ಚಾಚಿ ರೇಡಿಯೋ ಆರಿಸಿದ.