ಬದುವಿನ ಕಪ್ಪು ಮಣ್ಣು

ಕಬಾಲೆ ಊರಿನ ಒಂದು ಗುಡ್ಡದ ಇಳಿಜಾರಿನಲ್ಲಿ ಮೂರು ಹೊಲ, ಒಂದರ ಕೆಳಗೊಂದು. ಮೇಲಿನದು ಮುದುಕಿ ಕೆಸಾಂಡೆಯದು, ನಡುವಿನದು ಕೆನ್ಯಾಂಗಿಯದು, ಕೆಳಗಿನದು ಅವಳ ಮೈದುನ ತಿಬೆಸಿಗ್ವಾನದು. ನಡುನಡುವೆ, ಮೇಲಿನ ಹೊಲ ಜಾರದಂತೆ ಅಜ್ಜಂದಿರು ಕಟ್ಟಿದ ಎದೆಮಟ್ಟದ ಮಣ್ಣಿನ ಬದುಗಳು.

ಕೆನ್ಯಾಂಗಿಯ ಹೊಲದ ಮೇಲ್ತುದಿಯಲ್ಲಿ ಕೆಂಪು ಜಲ್ಲಿ ಎದ್ದು ನಾಲ್ಕು ವರ್ಷವಾಗಿತ್ತು. ಅಲ್ಲಿನ ಆಲೂಗಡ್ಡೆ ಆಡಿನ ಹಿಕ್ಕೆಗಿಂತ ತುಸುವೇ ದಪ್ಪ. ಅವಳು ಬುಟ್ಟಿಗಟ್ಟಲೆ ಸಗಣಿ ಹೊತ್ತಳು, ಪೇಟೆಯಿಂದ ಚೀಲದ ಗೊಬ್ಬರ ತಂದು ಸುರಿದಳು. ಒಂದು ಮಳೆ ಬಿದ್ದರೆ ಸಾಕು, ಎಲ್ಲ ಜಾರಿ ಕೆಳಗಿನ ಬದುವಿಗೆ ಸೇರುತ್ತಿತ್ತು. ತಿಬೆಸಿಗ್ವಾ ಬಿತ್ತನೆಗೊಮ್ಮೆ ಆ ಬದುವನ್ನು ಗುದ್ದಲಿಯಿಂದ ಕೆರೆದು ಕಪ್ಪು ಮಣ್ಣನ್ನು ತನ್ನ ಸಾಲುಗಳಿಗೆ ಹರಡಿಕೊಳ್ಳುತ್ತಿದ್ದ. ಗೊಬ್ಬರ ಕೊಳ್ಳುವ ಗೋಜೇ ಅವನಿಗಿರಲಿಲ್ಲ.

"ನನ್ ಗೊಬ್ಬರ ತಿಂತಿದೀಯ ಕಣೋ," ಅಂದಳು ಒಂದು ದಿನ.

"ಏನ್ ಮಾಡ್ಲಿ ಅತ್ತಿಗೆ, ಅದೇ ನನ್ ಬಾಗ್ಲಿಗ್ ಬಂದ್ರೆ ಒದ್ದು ಕಳಿಸ್ಲಾ?"

"ಬದು ಕುಸಿದ್ರೆ?"

"ನಮ್ಮಪ್ಪನ ಕಾಲ್ದಿಂದ ಕುಸಿದಿಲ್ಲ. ನಿನ್ನ ಬಾಯಿಗ್ ಹೆದರಿ ಕುಸಿಯತ್ತಾ?"

ಆ ವರ್ಷ ಕೆನ್ಯಾಂಗಿ ಗೊಬ್ಬರ ಹಾಕುವುದನ್ನೇ ಬಿಟ್ಟಳು. ಗುದ್ದಲಿ ಹಿಡಿದು ಕೆಸಾಂಡೆಯ ಬದುವಿಗೆ ಕೈ ಹಾಕಿದಳು. ಮಣ್ಣು ಬೆಣ್ಣೆಯಂತೆ ಬಿಟ್ಟುಬಂತು. ಮುದುಕಿ ಸೋರೆಬುರುಡೆಯಲ್ಲಿ ಅಂಬಲಿ ಕುಡಿಯುತ್ತ ಮೇಲಿನಿಂದ ನೋಡಿದಳು.

"ತಗೊ ತಗೊ. ನನ್ ಕಾಲಡಿದೂ ತಗೊ."

ಕೆನ್ಯಾಂಗಿಗೆ ನಾಚಿಕೆಯಾಯಿತು. ಗುದ್ದಲಿ ಮಾತ್ರ ನಿಲ್ಲಲಿಲ್ಲ. ಗಡ್ಡೆಗಳು ಮುಷ್ಟಿಗಾತ್ರ ಬಂದವು. ಮುಂದಿನ ಬಿತ್ತನೆಗೆ ಇನ್ನೂ ಒಳಕ್ಕೆ ಅಗೆದಳು.

ಮಾರ್ಚ್ ತಿಂಗಳ ಮಳೆ ಐದು ದಿನ ಬಿಡದೆ ಸುರಿಯಿತು. ಆರನೆಯ ದಿನ ಮಧ್ಯಾಹ್ನ ಬಿಸಿಲು ಬಿತ್ತೆಂದು ಅವಳು ಹೊಲಕ್ಕೆ ಬಂದರೆ, ಸಾಲುಗಳ ನಡುವೆ ಅಡ್ಡಲಾಗಿ ಬಿರುಕು. ಅವಳು ಹಿಂದೆ ಸರಿಯುವಷ್ಟರಲ್ಲಿ ಕೆಳಗಿನ ಅರ್ಧ ಹೊಲ ಸದ್ದಿಲ್ಲದೆ ಹೊರಟಿತು. ಹೂಬಿಟ್ಟ ಗಿಡಗಳು ನೆಟ್ಟಗೆ ನಿಂತಂತೆಯೇ ಜಾರಿ ತಿಬೆಸಿಗ್ವಾನ ಹೊಲದ ಮೇಲೆ ಕುಳಿತವು. ಹೊಲವಿದ್ದಲ್ಲಿ ನೀರು ಜಿನುಗುವ ಬರೀ ಬಂಡೆ.

ತಿಬೆಸಿಗ್ವಾ ಓಡಿಬಂದು ಆ ಗಿಡಗಳನ್ನು ನೋಡಿದ. "ಅತ್ತಿಗೆ, ಈಗಿದು ಯಾರ ಬೆಳೆ?" ಅಂದ. ಅದು ತಮಾಷೆಯಾಗಿರಲಿಲ್ಲ.

ಕೆನ್ಯಾಂಗಿ ಬೆನ್ನ ಹಿಂದೆ ಪುಡಿಮಣ್ಣು ಉದುರುವ ಸದ್ದಿಗೆ ತಿರುಗಿದಳು. ತಾನೇ ಅಗೆದ ಬದುವಿನ ನೆತ್ತಿಯಲ್ಲಿ ಹೊಸ ಸೀಳು. ಹತ್ತಿ ಹೋಗಿ ಕೈಯಿಟ್ಟರೆ ಮಣಿಕಟ್ಟಿನವರೆಗೆ ಇಳಿಯಿತು. ಒಳಗೆ ತಣ್ಣಗಿತ್ತು. ಸೀಳಿನ ಈಚೆ ಅಂಚಿನಲ್ಲೇ ಕೆಸಾಂಡೆ ಕುಕ್ಕರುಗಾಲಲ್ಲಿ ಕೂತು ಹುರುಳಿಕಾಯಿ ಗಿಡದ ಕಳೆ ಕೀಳುತ್ತಿದ್ದಳು.

"ಅವ್ವಾ, ಮೆಲ್ಲಗೆದ್ದು ಆ ಕಡೆ ಹೋಗು," ಅಂದಳು ಕೆನ್ಯಾಂಗಿ, ದನಿ ಏರಿಸಲು ಹೆದರಿ.

"ಯಾಕೆ, ಇನ್ನೂ ಮಣ್ಣು ಬೇಕಾಯ್ತಾ?" ಅಂದು ಮುದುಕಿ ಮುಂದಿನ ಗಿಡಕ್ಕೆ ಕೈ ಚಾಚಿದಳು.