ತಮ್ಮನ ಹಳೆಯ ದನಿ

ನಮ್ಮದು ಇಬ್ಬರ ತಂಡ. ಹಾಡುವವನು ನನ್ನ ತಮ್ಮ, ಸಿಂಥಸೈಜರ್ ನುಡಿಸುವವಳು ನಾನು. ತಾಳಕ್ಕೆ ಒಂದು ವಿದ್ಯುತ್ ಪೆಟ್ಟಿಗೆ, ಉಳಿದ ಮೇಳಕ್ಕೆಲ್ಲ ನನ್ನ ಹತ್ತು ಬೆರಳು. ಶುರುವಿನಲ್ಲಿ ಒಬ್ಬ ವಿಮರ್ಶಕ, "ಫ್ರಿಜ್ಜು ಪ್ರೇಮಗೀತೆ ಹಾಡಿದ ಹಾಗಿದೆ" ಎಂದು ಬರೆದ. ಅವನ ಬಾಯಿಗೆ ಮಣ್ಣು ಬೀಳ, ಆ ಮಾತು ಕೇಳಿಯೇ ಜನ ನಮ್ಮ ಮೊದಲ ಹಾಡನ್ನು ಹುಡುಕಿಕೊಂಡು ಬಂದರು.

ನಿಜ ಹೇಳಬೇಕೆಂದರೆ ಅವನು ಬರೆದದ್ದು ಅರ್ಧ ಸರಿ. ನನ್ನ ಸಂಗೀತ ತಣ್ಣಗೆ, ಅಳತೆ ಇಟ್ಟು ಕತ್ತರಿಸಿದ ಹಾಗೆ. ತಮ್ಮನ ದನಿ ಬಂದು ಕೂತ ಮೇಲೇ ಅದು ಬೆಚ್ಚಗಾಗುತ್ತಿದ್ದದ್ದು. ಆ ಮೊದಲ ಹಾಡಿನ ಕೊನೆಯ ಸಾಲಿನಲ್ಲಿ ಅವನು ತಾರಕಕ್ಕೇರಿ ಅಲ್ಲೇ ನಿಂತುಬಿಡುತ್ತಿದ್ದ. ನಾಲ್ಕು ಆಲ್ಬಮ್, ಹದಿನೆಂಟು ವರ್ಷ. ಜನ ಬರುತ್ತಿದ್ದುದು ಆ ಒಂದು ಸಾಲಿಗೆ.

ಹೋದ ವರ್ಷ ಅವನ ಗಂಟಲಿಗೆ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಒಡೆದು ಗೊಗ್ಗರಾಯಿತು. ಆರು ತಿಂಗಳು ಮೈಕಿನ ಹತ್ತಿರ ಸುಳಿಯಲಿಲ್ಲ. ಆಮೇಲೆ ಒಂದು ಬೆಳಗ್ಗೆ ತಟ್ಟೆ ತೊಳೆಯುತ್ತಾ, "ಒಂದು ಶೋ ಮಾಡೋಣ ಅಕ್ಕ. ಆಗಲ್ಲ ಅನ್ನಿಸಿದ್ರೆ ಅಲ್ಲಿಗೇ ಮಂಗಳ ಹಾಡಿಬಿಡೋಣ" ಎಂದ.

ಜನ ನಕ್ಕರೆ ಇವನು ಇನ್ನು ಹಾಡುವುದಿಲ್ಲ. ಹಾಡದೆ ಇವನು ಬದುಕಿದ್ದೂ ಇಲ್ಲದಂತೆ. ಅದಕ್ಕೇ ತಲೆ ಓಡಿಸಿದೆ. ಹಳೆಯ ರೆಕಾರ್ಡಿಂಗಿನಿಂದ ಆ ಸಾಲನ್ನು ತುಂಡುತುಂಡಾಗಿ ಕತ್ತರಿಸಿ ಸಿಂಥಸೈಜರಿನ ಕೀಗಳಲ್ಲಿ ಕೂರಿಸಿದೆ. ಬೆರಳಿಟ್ಟರೆ ಸಾಕು, ಇಪ್ಪತ್ತೆರಡರ ತಮ್ಮ ಹಾಡುತ್ತಿದ್ದ. ಈಗಿನ ದನಿಯ ಕೆಳಗೆ ಮೆಲ್ಲಗೆ ಸೇರಿಸಿದರೆ ಯಾರಿಗೂ ತಿಳಿಯದು ಎಂದುಕೊಂಡೆ. ಮೂರು ತಿಂಗಳು ಅವನಿಗೆ ಸುಳಿವು ಕೊಡದೆ ಅಭ್ಯಾಸ ಮಾಡಿದೆ. ಇಬ್ಬರೂ ಸೇರಿ ನುಡಿಸುವಾಗ ಮಾತ್ರ ಆ ಸಾಲು ಬಂದರೆ, "ಅದನ್ನ ನಾನು ನೋಡ್ಕೋತೀನಿ" ಎಂದು ತಮ್ಮ ಅದನ್ನು ಹಾಡದೆ ಬಿಟ್ಟು ಮುಂದಿನ ಹಾಡಿಗೆ ಹೋಗುತ್ತಿದ್ದ. ಪಾಪ, ಜಂಬ ಬಿಟ್ಟಿಲ್ಲ ಎಂದುಕೊಂಡೆ.

ಶೋ ಶನಿವಾರ ಸಂಜೆ, ಮುನ್ನೂರು ಕುರ್ಚಿಯ ಹಾಲಿನಲ್ಲಿ. ಕೊನೆಯ ಸಾಲು ಬಂತು. ತಮ್ಮ ಉಸಿರೆಳೆದುಕೊಂಡ, ನಾನು ಬೆರಳಿಟ್ಟೆ. ಹೆದರಿಕೆಯಲ್ಲಿ ವಾಲ್ಯೂಮನ್ನು ಪೂರ್ತಿ ಏರಿಸಿಬಿಟ್ಟಿದ್ದೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಹರೆಯದ ದನಿ ಹಾಲನ್ನೆಲ್ಲ ತುಂಬಿತು. ಜನ ಹೋ ಎಂದರು. ತಮ್ಮ ಇನ್ನೂ ಬಾಯಿಯನ್ನೇ ತೆರೆದಿರಲಿಲ್ಲ.

ಅವನು ಮೈಕ್ ಹಿಡಿದುಕೊಂಡೇ ನನ್ನ ಬಳಿ ಬಂದು, ಕೈ ಚಾಚಿ ಆ ದನಿಯನ್ನು ಪೂರ್ತಿ ಇಳಿಸಿದ. ತಾಳದ ಪೆಟ್ಟಿಗೆಯೊಂದೇ ಬಡಿಯುತ್ತಿತ್ತು. ಅವನು ಆ ಸಾಲನ್ನು ಮಂದ್ರದಲ್ಲಿ ಎತ್ತಿಕೊಂಡ. ತಾರಕದ ಕಡೆ ತಿರುಗಿಯೂ ನೋಡಲಿಲ್ಲ. ಕೆಳಗೇ ಇನ್ನೊಂದು ದಾರಿ ಮಾಡಿಕೊಂಡಿದ್ದ. ಒರಟು ದನಿ ಎಲ್ಲೂ ತಡವರಿಸಲಿಲ್ಲ. ಮುನ್ನೂರು ಜನ ಉಸಿರು ಬಿಗಿಹಿಡಿದು ಕೇಳಿದರು. ನಾಚಿಕೆಗೋ ಸಂತೋಷಕ್ಕೋ, ನಾನು ಅತ್ತುಬಿಟ್ಟೆ.

ಮುಗಿದ ಮೇಲೆ ಇಬ್ಬರೇ ವೈರು ಸುತ್ತುತ್ತಿದ್ದೆವು.

"ಬೈದುಬಿಡೋ, ಸುಮ್ನಿರಬೇಡ" ಎಂದೆ.

"ಬೈಯೋದೇನು ಬಂತು."

"ಆ ಸಾಲನ್ನ ಹಾಗೆ ಹಾಡೋದು ಯಾವಾಗ ಕಲಿತೆ? ಒಂದು ಮಾತು ಹೇಳಬಾರದಿತ್ತಾ?"

ಅವನು ವೈರು ಕೆಳಗಿಟ್ಟ.

"ಮೂರು ತಿಂಗಳು ಪಕ್ಕದ ರೂಮಲ್ಲೇ ಹಾಡ್ತಿದ್ದೆ ಅಕ್ಕ, ಬಾಗಿಲು ತೆಗೆದಿಟ್ಕೊಂಡು. ಬಂದು ನೋಡಿದಾಗೆಲ್ಲ ನೀನು ಹೆಡ್‌ಫೋನ್ ಹಾಕ್ಕೊಂಡು ಕೂತಿರ್ತಿದ್ದೆ. ಏನು ಕೇಳ್ತಿದ್ದೆ ಅಂತ ಇವತ್ತು ಗೊತ್ತಾಯ್ತು."