ತುಳಿಯಬೇಕಾದ ಕಲ್ಲು

ಖೋರೆನಜ್ಜ ಎಲ್ಲಿಂದ ಹೊರಟರೂ ಹಿಂದುಹಿಂದಕ್ಕೆ ಹೆಜ್ಜೆಯಿಟ್ಟೇ ಹೊರಡುತ್ತಾನೆ. ಪೂಜಾವೇದಿಕೆಗೆ ಬೆನ್ನು ತೋರದೆ ಇಗರ್ಜಿಯಿಂದ ಹೊರಬರುವುದು ನಮ್ಮೆಲ್ಲರ ರೂಢಿಯೇ. ಆದರೆ ಕಣಿವೆಯ ಹಳೆಯ ಮಠದ ಬೀಗದ ಕೈಯನ್ನು ಮೂವತ್ತೊಂದು ವರ್ಷದಿಂದ ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗುತ್ತಿರುವ ಈ ಮನುಷ್ಯನಿಗೆ ಆ ನಡಿಗೆ ಮೈಗೇ ಅಂಟಿಕೊಂಡು, ರೊಟ್ಟಿಯಂಗಡಿಯಿಂದಲೂ, ಒಮ್ಮೆ ನಾನು ಪಾಠ ಹೇಳುವ ತರಗತಿಯಿಂದಲೂ ಹಾಗೆಯೇ ಹೊರಟು ಹಿಂದಿದ್ದವರ ಕಾಲು ತುಳಿದದ್ದುಂಟು. "ಹಿಂದೆ ಕಣ್ಣಿಲ್ವೇನಜ್ಜ?" ಎಂದು ರೇಗಿಸಿದರೆ, "ನಿಂಗೆ ಮುಂದಿದ್ವಲ್ಲ, ನೀನ್ಯಾಕೆ ಸರೀಲಿಲ್ಲ?" ಎನ್ನುತ್ತಾನೆ.

ಮೇಣದ ಕಲೆ ಹಿಡಿದ ಹಳೆಯ ಕೋಟು ತೊಟ್ಟು, ಅಂಗಳದ ಶಿಲುಬೆಗಲ್ಲುಗಳ ಮುಂದೆ ನಿಂತು, ಎಂದೋ ಮಣ್ಣಾದ ಶಿಲ್ಪಿಗಳ ಗುಣಸ್ವಭಾವವನ್ನು ಕಂಡವನಂತೆ ಹೇಳುತ್ತಾನೆ: "ಇವ್ನು ಮುಂಗೋಪಿ, ಉಳಿ ಹೇಗೆ ಇಳಿಸಿದಾನೆ ನೋಡು. ಇವ್ನನ್ನ ಹೆಂಡ್ತಿ ಚೆನ್ನಾಗಿ ನೋಡ್ಕೊಂಡಿದ್ಲು. ಕಲ್ಲಲ್ಲಿ ದಾಳಿಂಬೆ ಎಷ್ಟು ದುಂಡಗೆ ಬಂದಿವೆ."

ಮಠ ಕಟ್ಟಿಸಿದ ಗುರು ಹಜಾರದ ನೆಲದಲ್ಲಿ, ಒಳಬಾಗಿಲಿಗೆ ಅಡ್ಡಲಾಗಿ ಮಲಗಿದ್ದಾನೆ. ಬಂದುಹೋಗುವವರೆಲ್ಲ ತನ್ನನ್ನು ತುಳಿದೇ ದಾಟಬೇಕೆಂದು ಗೋರಿಯ ಕಲ್ಲಿನಲ್ಲಿ ಬರೆಸಿಕೊಂಡ ವಿನಯಶಾಲಿ. ಏಳು ಶತಮಾನಗಳ ಪಾದರಕ್ಷೆಗಳಿಗೆ ಅಕ್ಷರಗಳು ಮುಕ್ಕಾಲು ಪಾಲು ಸವೆದಿವೆ. ಹೋದ ಬೇಸಿಗೆಯಲ್ಲಿ ರಾಜಧಾನಿಯಿಂದ ಬಂದ, ಹಳೆಯ ಕಟ್ಟಡಗಳ ರಕ್ಷಣೆಯ ತಜ್ಞೆ ಶುಶಾನ್ ಕಲ್ಲಿನ ಸುತ್ತ ಹಗ್ಗ ಕಟ್ಟಿಸಿ, ಪಕ್ಕದ ಬಾಗಿಲು ತೆರೆಸಿ, ಕಾವಲನ್ನು ಅಜ್ಜನಿಗೇ ಒಪ್ಪಿಸಿದಳು. ಒಲ್ಲೆನೆಂದರೆ ಬೀಗದ ಕೈ ಬೇರೆಯವರ ಪಾಲು.

"ಅವ್ನು ತುಳೀರಿ ಅಂತಾನೆ, ನೀನು ತುಳೀಬೇಡಿ ಅಂತೀಯ. ನಾನ್ ಯಾರ ಮಾತು ಕೇಳ್ಲಮ್ಮ?"

"ಅಕ್ಷರಾನೇ ಅಳಿಸಿಹೋದ್ರೆ ಅವ್ರ ಮಾತು ಯಾರಿಗೆ ಗೊತ್ತಾಗುತ್ತೆ, ಅಜ್ಜ?"

ಅವಳ ಮಾತು ನಿಜವೆಂಬುದೇ ಅಜ್ಜನ ಸಂಕಟ. ವಾರ ಕಳೆದ ಮೇಲೆ ಮನೆಮನೆ ಸುತ್ತಿ ಹೆಂಗಸರು ಹೆಣೆದ ದಪ್ಪ ಉಣ್ಣೆಯ ಕಾಲುಚೀಲಗಳನ್ನು ಬೇಡಿ ತಂದ. ಹೊಸ ಬೆಳೆಯ ದ್ರಾಕ್ಷಿಯನ್ನು ಇಗರ್ಜಿಯಲ್ಲಿ ಹರಸುವ ಹಬ್ಬದ ಬೆಳಿಗ್ಗೆ ಬುಟ್ಟಿ ಹೊತ್ತು ಬಂದ ಜನ ಬೂಟು ಕಳಚಿ, ಬಣ್ಣಬಣ್ಣದ ಕಾಲುಚೀಲ ತೊಟ್ಟು ಸಾಲಾಗಿ ನಿಂತಾಗ ನನಗೆ ನಗುವೂ ಬಂತು, ಕಣ್ಣೂ ತುಂಬಿತು. ಶುಶಾನ್ ಬಗ್ಗಿ, ಕಾಲುಚೀಲದ ಅಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿ, ಬೂಟಿನಂತೆ ಅದು ಕಲ್ಲು ಸವೆಸದೆಂದು ಕಂಡು, ತಾನೇ ಹಗ್ಗ ಬಿಚ್ಚಿದಳು. ಆದರೆ ಕಲ್ಲಿನ ಮೇಲೆ ಎತ್ತಿದ ಪಾದ ಇಳಿಸಲು ಅವಳಿಗೆ ಮನಸ್ಸಾಗಲಿಲ್ಲ.

"ಇಡಮ್ಮ," ಎಂದ ಅಜ್ಜ. "ಅದಕ್ಕೇ ಕಾಯ್ತಾ ಮಲಗಿದಾನೆ."

ಇಟ್ಟಳು.

ಎಂದೋ ಸತ್ತವರ ಕೋರಿಕೆಯನ್ನು, ನೆರೆಮನೆಯವರು ನಿನ್ನೆ ಸಂಜೆ ಹೇಳಿಹೋದ ಕೆಲಸದಂತೆ ನಡೆಸಿಕೊಡುವ ಇಂಥವರು ವಿದ್ವಾಂಸರಾಗಿರುವುದಿಲ್ಲ, ಹಲವು ಸಲ ಮಹಾ ಮೊಂಡರೂ ಆಗಿರುತ್ತಾರೆ. ಆದರೂ ಅವರಿರುವಷ್ಟು ದಿನ ಸತ್ತವರು ಊರಿನ ಜನರಾಗಿಯೇ ಉಳಿಯುತ್ತಾರೆ.